ಮೂವತ್ತೈದು ಕಂತುಗಳ ಹಿಂದಿನ ಲೆಕ್ಕ

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ನಡುನಡುವೆ ಕೇಳಿದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ವಿಕಿರಣ ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ನನ್ನಂಥ ಭೌತವಿಜ್ಞಾನಿಯನ್ನು ರೋಗಿಯ ಮನೆಯವರು ಕೇಳುವ ಮೊದಲ ಪ್ರಶ್ನೆ, "ಸಾರ್, ಕರೆಂಟು ಎಷ್ಟು ದಿನ ಕೊಡ್ತೀರಿ?" ಕರೆಂಟು ಎಂದರೆ ಅವರ ಮಾತಿನಲ್ಲಿ ವಿಕಿರಣ. ಬಾಯಿ ಅಥವಾ ಗಂಟಲಿನ ಕ್ಯಾನ್ಸರ್ ಆದರೆ ಉತ್ತರ ಹೆಚ್ಚುಕಡಿಮೆ 33 ಇಲ್ಲವೇ 35 ದಿನ. ವಾರಕ್ಕೆ ಐದರಂತೆ ಏಳು ವಾರ. ಹಿಂದೆಯೇ ಎರಡನೆಯ ಪ್ರಶ್ನೆ ಬರುತ್ತದೆ: "ಒಂದೇ ಸಲಕ್ಕೆ ಜಾಸ್ತಿ ಕೊಟ್ಟು ಮುಗಿಸೋಕಾಗಲ್ವಾ?" ಊರು ಬಿಟ್ಟು, ಕೂಲಿ ಬಿಟ್ಟು, ನಗರದಲ್ಲಿ ಬಾಡಿಗೆ ರೂಮು ಹಿಡಿದು ಕೂತವರು ಕೇಳುವ ಪ್ರಶ್ನೆ ಅದು. ಅದಕ್ಕೆ "ಡಾಕ್ಟರು ಹೇಳಿದ್ದಾರೆ, ಬನ್ನಿ" ಎಂದರೆ ಸಾಲದು. ಇವತ್ತಿನ ನನ್ನ ಮಾತೆಲ್ಲ ಆ ಎರಡನೆಯ ಪ್ರಶ್ನೆಗೆ ಕೊಡಬೇಕಾದ ಪೂರ್ತಿ ಉತ್ತರ.

ಡೋಸ್ ಅಳೆಯುವ ಮಾನದಿಂದ ಶುರು ಮಾಡೋಣ. ಒಂದು ಕಿಲೋ ಅಂಗಾಂಶದಲ್ಲಿ ಒಂದು ಜೂಲ್ ಶಕ್ತಿ ಇಳಿದರೆ ಅದು ಒಂದು ಗ್ರೇ. ಬ್ರಿಟಿಷ್ ಭೌತವಿಜ್ಞಾನಿ ಲೂಯಿಸ್ ಹೆರಾಲ್ಡ್ ಗ್ರೇ ಅವರ ಹೆಸರಿನ ಮಾನ. ಒಂದು ಗ್ರೇಯಿಂದ ನೀರಿನ ಬಿಸಿ ಏರುವುದು ಒಂದು ಡಿಗ್ರಿಯ ನಾಲ್ಕು ಸಾವಿರದಲ್ಲೊಂದು ಭಾಗ ಮಾತ್ರ. ಅಂದರೆ ವಿಕಿರಣ ಕೋಶವನ್ನು ಸುಟ್ಟು ಕೊಲ್ಲುವುದಿಲ್ಲ. ಅದೇ ಒಂದು ಗ್ರೇ ಒಂದೊಂದು ಕೋಶದ ಡಿಎನ್‌ಎಯಲ್ಲಿ ಸುಮಾರು ಸಾವಿರ ಕಡೆ ಒಂಟಿ ಎಳೆಯನ್ನೂ, ಸುಮಾರು 40 ಕಡೆ ಎರಡೂ ಎಳೆಗಳನ್ನೂ ತುಂಡರಿಸುತ್ತದೆ. ಒಂಟಿ ಎಳೆ ಹರಿದರೆ ಕೋಶಕ್ಕೆ ಲೆಕ್ಕಕ್ಕಿಲ್ಲ, ಎದುರಿನ ಎಳೆ ನೋಡಿಕೊಂಡು ಹೆಣೆದುಬಿಡುತ್ತದೆ. ಎರಡೂ ಹರಿದಲ್ಲಿ ಕಷ್ಟ. ಅದರಲ್ಲೂ ಎರಡು ಬೇರೆ ಬೇರೆ ತುಂಡುಗಳು ತಪ್ಪು ತುದಿಗೆ ಅಂಟಿಕೊಂಡು ವರ್ಣತಂತು ವಿಕಾರವಾದರೆ, ಮುಂದೆ ಕೋಶ ಒಡೆದು ಎರಡಾಗುವಾಗ ಎಡವುತ್ತದೆ.

ಇಲ್ಲಿ "ಸಾವು" ಎಂದರೇನು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳಬೇಕು. ವಿಕಿರಣ ತಿಂದ ಕೋಶ ಅನೇಕ ವೇಳೆ ಕೂಡಲೇ ಸಾಯುವುದಿಲ್ಲ. ಉಸಿರಾಡುತ್ತದೆ, ಪ್ರೋಟೀನು ತಯಾರಿಸುತ್ತದೆ, ಒಂದೆರಡು ಬಾರಿ ಒಡೆಯಲೂಬಹುದು. ಕ್ಯಾನ್ಸರಿನ ಮಟ್ಟಿಗೆ ನಮಗೆ ಬೇಕಾದ ಪ್ರಶ್ನೆ ಒಂದೇ: ಈ ಕೋಶದ ವಂಶ ಮುಂದುವರಿಯುತ್ತದೆಯೋ ಇಲ್ಲವೋ? ಅದನ್ನು ಅಳೆಯುವ ದಾರಿ ತೋರಿಸಿದವರು ಅಮೆರಿಕದ ಡೆನ್ವರ್‌ನಲ್ಲಿದ್ದ ಥಿಯೊಡೋರ್ ಪಕ್ ಮತ್ತು ಫಿಲಿಪ್ ಮಾರ್ಕಸ್, 1956ರಲ್ಲಿ. ಅವರು ಬಳಸಿದ್ದು ಹೀಲಾ ಕೋಶಗಳನ್ನು. ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕೊರಳಿನ ಗಡ್ಡೆಯಿಂದ 1951ರಲ್ಲಿ, ಅವರನ್ನು ಕೇಳದೆಯೇ ತೆಗೆದ ಕೋಶಗಳು ಅವು. ಲ್ಯಾಕ್ಸ್ ಅವರಿಗೆ ರೇಡಿಯಂ ಚಿಕಿತ್ಸೆ ಕೊಟ್ಟಿದ್ದರು, ಆದರೂ ಅದೇ ವರ್ಷ ತೀರಿಕೊಂಡರು. ವಿಕಿರಣದ ಪೆಟ್ಟಿಗೆ ಮನುಷ್ಯನ ಕೋಶ ಹೇಗೆ ಬಗ್ಗುತ್ತದೆ ಎಂಬ ಮೊದಲ ಸ್ಪಷ್ಟ ಗೆರೆ ಬಂದದ್ದು ಅವರದೇ ಕೋಶಗಳಿಂದ. ಈ ವಿಷಯ ಹೇಳುವಾಗಲೆಲ್ಲ ಇದನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ.

ಪ್ರಯೋಗ ಸರಳ. ಗಾಜಿನ ತಟ್ಟೆಯಲ್ಲಿ ಎಣಿಸಿದಷ್ಟು ಒಂಟಿ ಕೋಶಗಳನ್ನು ಹರಡುತ್ತೀರಿ, ಒಂದೆರಡು ವಾರ ಬಿಡುತ್ತೀರಿ. 50 ಅಥವಾ ಅದಕ್ಕಿಂತ ಹೆಚ್ಚು ಕೋಶಗಳ ಕಾಲೊನಿ ಎದ್ದರೆ ಮೂಲ ಕೋಶ ಬದುಕಿತ್ತು ಎಂದು ಲೆಕ್ಕ. ವಿಕಿರಣ ಕೊಡದೆಯೂ ಎಲ್ಲ ಕೋಶವೂ ಬೇರು ಬಿಡುವುದಿಲ್ಲ. 100 ಹರಡಿದರೆ 60 ಕಾಲೊನಿ ಬರಬಹುದು. ಈಗ 6 ಗ್ರೇ ಕೊಟ್ಟು 1000 ಕೋಶ ಹರಡಿದ್ದೀರಿ ಅಂದುಕೊಳ್ಳಿ. ವಿಕಿರಣವಿಲ್ಲದಿದ್ದರೆ 600 ಕಾಲೊನಿ ಬರಬೇಕಿತ್ತು, ಬಂದದ್ದು 34. ಉಳಿದವರ ಪಾಲು ನೂರಕ್ಕೆ ಆರಕ್ಕಿಂತ ತುಸು ಕಡಿಮೆ. ಬೇರೆ ಬೇರೆ ಡೋಸಿಗೆ ಹೀಗೇ ಮಾಡಿ ಚುಕ್ಕಿ ಇಡುತ್ತ ಹೋದರೆ ಒಂದು ಗೆರೆ ಸಿಗುತ್ತದೆ. ನಮ್ಮ ಇಡೀ ಶಾಸ್ತ್ರ ನಿಂತಿರುವುದು ಆ ಗೆರೆಯ ಮೇಲೆ.

ಗೆರೆಯ ಆಕಾರ ಹೇಗಿರಬೇಕು? ಮಳೆಗಾಲದ ಮೊದಲ ಹನಿಗಳು ಹಾಸುಗಲ್ಲಿನ ಅಂಗಳದ ಮೇಲೆ ಬೀಳುವುದನ್ನು ನೆನೆಸಿಕೊಳ್ಳಿ. ಎಷ್ಟು ಕಲ್ಲುಗಳಿವೆಯೋ ಅಷ್ಟೇ ಹನಿ ಬಿದ್ದಿವೆ ಅನ್ನಿ, ಸರಾಸರಿ ಕಲ್ಲಿಗೊಂದು. ಆದರೂ ಎಲ್ಲ ಕಲ್ಲೂ ಒದ್ದೆಯಾಗಿರುವುದಿಲ್ಲ. ಕೆಲವಕ್ಕೆ ಎರಡು ಮೂರು ಹನಿ ಬಿದ್ದಿರುತ್ತವೆ, ನೂರಕ್ಕೆ 37 ಕಲ್ಲು ಒಣಗಿಯೇ ಇರುತ್ತವೆ. ಸರಾಸರಿ ಎರಡಾದರೆ ಒಣಕಲ್ಲು 13 ಚಿಲ್ಲರೆ, ಮೂರಾದರೆ 5. ಎಷ್ಟೇ ಸುರಿದರೂ ಸೊನ್ನೆ ಮುಟ್ಟುವುದಿಲ್ಲ, ಪ್ರತಿ ಹಂತದಲ್ಲೂ ಅದೇ ಅನುಪಾತದಲ್ಲಿ ಕುಗ್ಗುತ್ತ ಹೋಗುತ್ತದೆ. ಫ್ರೆಂಚ್ ಗಣಿತಜ್ಞ ಪಾಸನ್ ಹೆಸರಿನ ವಿತರಣೆ ಇದು. ಕೋಶಕ್ಕೆ ಒಂದೇ ಮರ್ಮ, ಒಂದೇ ಪೆಟ್ಟಿಗೆ ಸಾವು ಎಂದಾದರೆ ಉಳಿವಿನ ಗೆರೆಯೂ ಹೀಗೇ ಇಳಿಯಬೇಕು. ಲಾಗ್ ಕಾಗದದ ಮೇಲೆ, ಅಂದರೆ ಒಂದೊಂದು ಸಮ ಅಂತರವೂ ಹತ್ತು ಪಟ್ಟನ್ನು ಸೂಚಿಸುವ ಕಾಗದದ ಮೇಲೆ, ಬರೆದರೆ ನೇರ ಗೆರೆ.

ಬ್ಯಾಕ್ಟೀರಿಯಾ, ವೈರಸ್ಸುಗಳಲ್ಲಿ ಅನೇಕ ವೇಳೆ ಹಾಗೇ ಬರುತ್ತದೆ. ಪಕ್ ಮತ್ತು ಮಾರ್ಕಸ್ ಎಳೆದ ಗೆರೆ ಮಾತ್ರ ಮೊದಲು ಮೆಲ್ಲಗೆ ಬಾಗಿ, ಆಮೇಲೆ ಕಡಿದಾಗಿ ಇಳಿಯಿತು. ಆ ಮೇಲಿನ ಬಾಗನ್ನು ನಾವು ಗೆರೆಯ ಹೆಗಲು ಎನ್ನುತ್ತೇವೆ. ಕಡಿಮೆ ಡೋಸಿನಲ್ಲಿ ಕೋಶ ತಡೆದುಕೊಳ್ಳುತ್ತದೆ, ಒಂದು ಮಟ್ಟ ದಾಟಿದ ಮೇಲೆ ಕೈ ಚೆಲ್ಲುತ್ತದೆ ಎಂಬುದು ಅದರ ಅರ್ಥ. ಆರಂಭದಲ್ಲಿ ಇದಕ್ಕೆ ಕೊಟ್ಟ ವಿವರಣೆ, ಕೋಶದೊಳಗೆ ಹಲವು ಮರ್ಮಗಳಿವೆ, ಎಲ್ಲಕ್ಕೂ ಪೆಟ್ಟು ಬಿದ್ದಾಗಲೇ ಸಾವು ಎಂಬುದು. ಆ ಮಾದರಿಯ ದೋಷ ಸಣ್ಣ ಡೋಸಿನಲ್ಲಿದೆ: ಅದರ ಪ್ರಕಾರ ಗೆರೆ ಆರಂಭದಲ್ಲಿ ಪೂರ್ತಿ ಮಟ್ಟಸವಾಗಿರಬೇಕು, ನಿಜದಲ್ಲಿ ಮೊದಲಿನಿಂದಲೇ ಸ್ವಲ್ಪ ಇಳಿಜಾರಿರುತ್ತದೆ. ಚಿಕಿತ್ಸೆ ನಡೆಯುವುದು ಆ ಸಣ್ಣ ಡೋಸಿನಲ್ಲೇ. ಹಾಗಾಗಿ ಆ ಮಾದರಿಯನ್ನು ಇಲ್ಲಿಗೇ ಬಿಡುತ್ತೇನೆ.

ನಾವು ಈಗ ದಿನವೂ ಬಳಸುವ ಸೂತ್ರದ ಬೇರು ಒಂದು ಹೂಗಿಡದಲ್ಲಿದೆ. 1940ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಡಗ್ಲಸ್ ಲೀ ಮತ್ತು ಡೇವಿಡ್ ಕ್ಯಾಚ್‌ಸೈಡ್ ಟ್ರೇಡ್‌ಸ್ಕ್ಯಾಂಷಿಯಾ ಗಿಡದ ವರ್ಣತಂತುಗಳ ಮೇಲೆ ವಿಕಿರಣ ಬಿಟ್ಟು ನೋಡಿದರು. ಎರಡು ವರ್ಣತಂತುಗಳು ಹರಿದು ತಪ್ಪಾಗಿ ಬೆಸೆಯಬೇಕಾದರೆ ಎರಡು ದಾರಿ. ವಿಕಿರಣ ಕೋಶದಲ್ಲಿ ಎಬ್ಬಿಸಿದ ಒಂದೇ ಎಲೆಕ್ಟ್ರಾನ್ ತಾನು ಹಾದುಹೋಗುವ ಜಾಡಿನಲ್ಲಿ ಎರಡನ್ನೂ ಹರಿಯಬಹುದು. ಇದು ಡೋಸಿನ ನೇರ ಅನುಪಾತದಲ್ಲಿರುತ್ತದೆ. ಇಲ್ಲವೇ ಎರಡು ಬೇರೆ ಎಲೆಕ್ಟ್ರಾನ್‌ಗಳು ಹತ್ತಿರ ಹತ್ತಿರ ಬಂದು ಒಂದೊಂದನ್ನು ಹರಿಯಬಹುದು. ಎರಡು ಸಂಭವಗಳು ಕೂಡಿಬರಬೇಕಾದ್ದರಿಂದ ಇದು ಡೋಸಿನ ವರ್ಗದ ಅನುಪಾತದಲ್ಲಿ. ಮೊದಲನೆಯದರ ಗುಣಕ ಆಲ್ಫಾ, ಎರಡನೆಯದರದು ಬೀಟಾ. ಎರಡನ್ನೂ ಕೂಡಿಸಿದರೆ ಕೋಶವೊಂದಕ್ಕೆ ಬಿದ್ದ ಮಾರಕ ಪೆಟ್ಟುಗಳ ಸರಾಸರಿ ಸಿಗುತ್ತದೆ, ಪೆಟ್ಟು ಬೀಳದ ಕಲ್ಲುಗಳ ಲೆಕ್ಕ ಹಾಕಿದರೆ ಬದುಕಿದವರ ಪಾಲು ಸಿಗುತ್ತದೆ. ಇದೇ ರೇಖೀಯ-ವರ್ಗ ಮಾದರಿ, ಆಸ್ಪತ್ರೆಯ ಮಾತಿನಲ್ಲಿ ಎಲ್‌ಕ್ಯೂ. 1970ರ ದಶಕದ ಆರಂಭದಲ್ಲಿ ಕೆಲ್ಲರರ್-ರಾಸಿ ಒಂದು ದಾರಿಯಿಂದಲೂ, ಚಾಡ್ವಿಕ್-ಲೀನ್‌ಹೌಟ್ಸ್ ಇನ್ನೊಂದು ದಾರಿಯಿಂದಲೂ ಇದೇ ಸೂತ್ರಕ್ಕೆ ಬಂದರು.

ಒಬ್ಬರು ಕೇಳಿದರು: "ಇದು ಬರೀ ಗೆರೆಗೆ ಹೊಂದಿಸಿದ ಸಮೀಕರಣ ಅಲ್ವಾ ಸಾರ್?" ಅರ್ಧ ನಿಜ. ಯಾವ ಬಾಗುಗೆರೆಯ ಆರಂಭವನ್ನಾದರೂ ಒಂದು ರೇಖೀಯ ಪದ, ಒಂದು ವರ್ಗಪದ ಇಟ್ಟು ಒಪ್ಪಿಸಬಹುದು ಎಂಬುದು ಗಣಿತ ಬಲ್ಲವರಿಗೆಲ್ಲ ಗೊತ್ತು. ಈ ಸೂತ್ರ ನಮಗೆ ಉಪಕಾರ ಮಾಡಿದ್ದು ಬೇರೆ ಕಾರಣಕ್ಕೆ. ಬೀಟಾ ಪೆಟ್ಟಿನಲ್ಲಿ ಮೊದಲ ವರ್ಣತಂತು ಹರಿಯುವುದಕ್ಕೂ ಎರಡನೆಯದು ಹರಿಯುವುದಕ್ಕೂ ನಡುವೆ ಸಮಯ ಸಿಕ್ಕರೆ ಕೋಶ ಮೊದಲನೆಯದನ್ನು ರಿಪೇರಿ ಮಾಡಿಕೊಂಡುಬಿಡುತ್ತದೆ. ಮಾರ್ಟಿಮರ್ ಎಲ್ಕೈಂಡ್ ಮತ್ತು ಹ್ಯಾರಿಯೆಟ್ ಸಟನ್ 1959ರಲ್ಲಿ ಇದನ್ನೇ ತೋರಿಸಿದರು. ಚೀನೀ ಹ್ಯಾಮ್‌ಸ್ಟರ್ ಕೋಶಗಳಿಗೆ ಒಂದೇ ಪೆಟ್ಟಿಗೆ ಕೊಡುತ್ತಿದ್ದ ಡೋಸನ್ನು ಎರಡು ಭಾಗ ಮಾಡಿ, ನಡುವೆ ಗಂಟೆಗಳ ಬಿಡುವು ಕೊಟ್ಟರು. ಬದುಕಿದವರ ಸಂಖ್ಯೆ ಕೆಲವು ಪಟ್ಟು ಏರಿತು. ಬಿಡುವಿನ ನಂತರ ಗೆರೆಯ ಹೆಗಲು ಮತ್ತೆ ಹೊಸದಾಗಿ ಎದ್ದು ಬಂದಿತ್ತು.

ಈಗ "ಒಂದೇ ಸಲ ಮುಗಿಸಿ" ಎಂದವರಿಗೆ ಉತ್ತರ ಕೊಡಬಹುದು. ಎರಡು ಅಂಗಾಂಶ ತೆಗೆದುಕೊಳ್ಳಿ. ಗಡ್ಡೆಗೆ ಆಲ್ಫಾ 0.3, ಬೀಟಾ 0.03, ಇವುಗಳ ಅನುಪಾತ 10. ಪಕ್ಕದಲ್ಲಿರುವ, ವರ್ಷಗಳ ಮೇಲೆ ತೊಂದರೆ ತೋರಿಸುವ ಆರೋಗ್ಯವಂತ ಅಂಗಾಂಶಕ್ಕೆ ಆಲ್ಫಾ 0.15, ಬೀಟಾ 0.05, ಅನುಪಾತ 3. ಅಂಕಿಗಳನ್ನು ಉದಾಹರಣೆಗೆಂದು ನಾನು ಆರಿಸಿದ್ದೇನೆ, ಆದರೆ 10 ಮತ್ತು 3 ಎಂಬ ಅನುಪಾತಗಳು ನಾವು ದಿನವೂ ಬಳಸುವಂಥವೇ. ಇಬ್ಬರಿಗೂ ಒಂದೇ ಸಲಕ್ಕೆ 10 ಗ್ರೇ ಕೊಡಿ. ಸಾವಿರ ಗಡ್ಡೆ ಕೋಶಗಳಲ್ಲಿ ಎರಡೂವರೆ ಉಳಿಯುತ್ತವೆ, ಆರೋಗ್ಯವಂತ ಕೋಶಗಳಲ್ಲಿ ಒಂದೂವರೆ. ಗಡ್ಡೆಗಿಂತ ಹೆಚ್ಚು ನಾವು ಕಾಪಾಡಬೇಕಾದ್ದನ್ನೇ ಕೊಂದೆವು. ಅದೇ 10 ಗ್ರೇಯನ್ನು ದಿನಕ್ಕೆ 2ರಂತೆ ಐದು ಕಂತಿನಲ್ಲಿ ಕೊಡಿ. ಗಡ್ಡೆಯಲ್ಲಿ ಉಳಿದವು ಸಾವಿರಕ್ಕೆ 27, ಆರೋಗ್ಯವಂತ ಅಂಗಾಂಶದಲ್ಲಿ 82. ತಕ್ಕಡಿ ನಮ್ಮ ಕಡೆಗೆ ವಾಲಿತು. ಕಂತು ಮಾಡಿದ್ದರಿಂದ ಗಡ್ಡೆಗೂ ಲಾಭವಾಗಿದೆ ನಿಜ, ಅದಕ್ಕೇ ಒಟ್ಟು ಡೋಸನ್ನು 70 ಗ್ರೇವರೆಗೆ ಏರಿಸಬೇಕಾಗುತ್ತದೆ. ಆದರೆ ಹೆಚ್ಚು ಲಾಭವಾದದ್ದು ಬೀಟಾ ಪಾಲು ದೊಡ್ಡದಿರುವ ಅಂಗಾಂಶಕ್ಕೆ. ದಿನದಿಂದ ದಿನಕ್ಕೆ ಆ ವ್ಯತ್ಯಾಸ ಗುಣಿಸುತ್ತ ಹೋಗುತ್ತದೆ. ಮೂವತ್ತೈದು ದಿನ ಬರಬೇಕು ಅನ್ನುವುದರ ಮೂಲ ಇಷ್ಟೇ.

ಸೂತ್ರ ಹುಟ್ಟುವ ಮುಂಚೆಯೇ ಕಂತಿನ ಚಿಕಿತ್ಸೆ ಇತ್ತು ಅನ್ನುವುದನ್ನೂ ಹೇಳಬೇಕು. 1920ರ ದಶಕದಲ್ಲಿ ಪ್ಯಾರಿಸ್ಸಿನ ಕ್ಲೋಡ್ ರೆಗೊ ಟಗರುಗಳ ವೃಷಣದ ಮೇಲೆ ಪ್ರಯೋಗ ಮಾಡಿ, ಒಂದೇ ಪೆಟ್ಟಿಗೆ ಕೊಟ್ಟರೆ ಚರ್ಮ ಹಾಳಾಗದೆ ಬೀಜಶಕ್ತಿ ಹೋಗುವುದಿಲ್ಲ, ಹಲವು ದಿನಗಳಿಗೆ ಹಂಚಿದರೆ ಹೋಗುತ್ತದೆ ಎಂದು ಕಂಡುಕೊಂಡಿದ್ದರು. ಅನುಭವ ಮೊದಲು ಬಂತು, ಲೆಕ್ಕ ಆಮೇಲೆ. ನಡುವೆ ಒಂದು ತಪ್ಪು ಲೆಕ್ಕವೂ ಬಂತು. 1969ರಲ್ಲಿ ಆಕ್ಸ್‌ಫರ್ಡಿನ ಫ್ರಾಂಕ್ ಎಲ್ಲಿಸ್ ಒಂದು ಘಾತ ಸೂತ್ರ ಕೊಟ್ಟರು: ಸಹಿಸಬಹುದಾದ ಒಟ್ಟು ಡೋಸ್ ಕಂತುಗಳ ಸಂಖ್ಯೆಯ 0.24ನೇ ಘಾತಕ್ಕೂ, ಒಟ್ಟು ದಿನಗಳ 0.11ನೇ ಘಾತಕ್ಕೂ ತಕ್ಕಂತೆ ಏರುತ್ತದೆ ಎಂದು. ಬಹಳ ಕಡೆ ಬಳಕೆಗೂ ಬಂತು. ಅದರ ಆಧಾರ ಚರ್ಮದ ತತ್‌ಕ್ಷಣದ ಪ್ರತಿಕ್ರಿಯೆ. ಅದನ್ನು ನಂಬಿ ಕಂತು ಕಡಿಮೆ ಮಾಡಿ, ಪ್ರತಿ ಕಂತಿನ ಡೋಸ್ ಹೆಚ್ಚಿಸಿದ ಕಡೆ, ಚಿಕಿತ್ಸೆ ಮುಗಿದಾಗ ಚರ್ಮ ಚೆನ್ನಾಗಿಯೇ ಕಂಡಿತು. ವರ್ಷಗಳು ಕಳೆದ ಮೇಲೆ ಒಳಗಿನ ಅಂಗಾಂಶ ಗಟ್ಟಿಗಟ್ಟುವುದು, ನರ ಕೆಡುವುದು ಶುರುವಾಯಿತು. ಬೇಗ ಪ್ರತಿಕ್ರಿಯಿಸುವ ಚರ್ಮಕ್ಕೂ ತಡವಾಗಿ ಕೆಡುವ ನರಕ್ಕೂ ಒಂದೇ ಘಾತ ಹಚ್ಚಿದ್ದರ ಬೆಲೆಯನ್ನು ರೋಗಿಗಳು ತೆತ್ತರು. ಎಲ್‌ಕ್ಯೂ ಸೂತ್ರ 1980ರ ದಶಕದಲ್ಲಿ ಆಸ್ಪತ್ರೆಯೊಳಗೆ ಬಂದದ್ದು ಈ ಎರಡು ಅಂಗಾಂಶಗಳನ್ನು ಬೇರೆ ಬೇರೆ ಲೆಕ್ಕ ಹಾಕಬಲ್ಲದು ಎಂಬ ಕಾರಣಕ್ಕೆ.

ಇನ್ನು ಗುಣವಾಗುವ ಸಂಭವ. ಒಂದು ಗ್ರಾಂ ಗಡ್ಡೆಯಲ್ಲಿ ನೂರು ಕೋಟಿ ಕೋಶ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ನಮ್ಮ ಗುಣಕಗಳ ಪ್ರಕಾರ 2 ಗ್ರೇಯ ಒಂದೊಂದು ಕಂತೂ ನೂರರಲ್ಲಿ 49 ಕೋಶಗಳನ್ನು ಉಳಿಸುತ್ತದೆ. ಇಪ್ಪತ್ತು ಕಂತು ಮುಗಿದಾಗ ಇಡೀ ಗಡ್ಡೆಯಲ್ಲಿ ಉಳಿಯುವುದು ಸುಮಾರು 560 ಕೋಶ. ಕಣ್ಣಿಗಿರಲಿ, ಯಾವ ಸ್ಕ್ಯಾನಿಗೂ ಕಾಣದು. ಆದರೆ ಗುಣವಾಗುವ ಸಂಭವ ಸೊನ್ನೆ, ಏಕೆಂದರೆ ಒಂದು ಉಳಿದರೂ ಸಾಕು. ಮೂವತ್ತಕ್ಕೆ ಬಂದಾಗ ಸರಾಸರಿ 0.42 ಕೋಶ. ಅರ್ಧಕ್ಕೂ ಕಡಿಮೆ ಕೋಶ ಎಂದರೇನು? ಇಂಥ ನೂರು ರೋಗಿಗಳಿದ್ದರೆ ಅವರೆಲ್ಲರಲ್ಲಿ ಸೇರಿ 42 ಕೋಶಗಳು ಉಳಿದಿವೆ, ಕೆಲವರಲ್ಲಿ ಎರಡು ಮೂರು ಇರಬಹುದು, 66 ಜನರಲ್ಲಿ ಒಂದೂ ಇಲ್ಲ. ಒಣಕಲ್ಲಿನ ಲೆಕ್ಕವೇ. ಮೂವತ್ತಮೂರಕ್ಕೆ ಅದು 95 ಆಗುತ್ತದೆ, ಮೂವತ್ತೈದಕ್ಕೆ 99.

ಕೊನೆಯ ಕಂತುಗಳ ಬೆಲೆ ಗಮನಿಸಿ. ಮೊದಲ ಇಪ್ಪತ್ತು ದಿನ ಕೋಟಿಗಟ್ಟಲೆ ಕೋಶ ಸತ್ತರೂ ಸಂಭವದ ಖಾತೆಗೆ ಏನೂ ಜಮಾ ಆಗಲಿಲ್ಲ. 31, 32, 33ನೇ ಕಂತುಗಳು ಮೂರೇ ದಿನದಲ್ಲಿ 66ನ್ನು 95ಕ್ಕೆ ಒಯ್ದವು. ಬಾಯಿಯೊಳಗೆ ಹುಣ್ಣು, ಊಟ ಸೇರದ ಕಷ್ಟ ತಾರಕಕ್ಕೇರುವುದೂ ಆ ವಾರಗಳಲ್ಲೇ. "ಗಡ್ಡೆ ಕರಗಿದೆ, ಇನ್ನು ಸಾಕು" ಎಂದು ಊರಿಗೆ ಹೊರಡಲು ಮನಸ್ಸಾಗುವುದೂ ಆಗಲೇ. ನಿಜ ಜೀವನದಲ್ಲಿ ಏರಿಕೆ ಇಷ್ಟು ಕಡಿದಾಗಿರುವುದಿಲ್ಲ, ಒಬ್ಬೊಬ್ಬರ ಗಡ್ಡೆಯ ಆಲ್ಫಾ ಒಂದೊಂದು ಬಗೆ, ಎಲ್ಲರ ಸರಾಸರಿ ತೆಗೆದಾಗ ಗೆರೆ ತಗ್ಗುತ್ತದೆ. ಕೊನೆಯ ಕಂತುಗಳ ಮಹತ್ವ ಮಾತ್ರ ಹಾಗೇ ಉಳಿಯುತ್ತದೆ.

ಸಭೆಯಲ್ಲಿದ್ದ ಒಬ್ಬ ತಾಯಿ, "ನಡುವೆ ಹಬ್ಬಕ್ಕೆ ಒಂದು ವಾರ ಊರಿಗೆ ಹೋಗಿಬಂದರೆ ಏನಾಗುತ್ತಪ್ಪ? ಉಳಿದಿದ್ದು ಆಮೇಲೆ ಕೊಟ್ರಾಯ್ತಲ್ಲ" ಎಂದರು. ಇದಕ್ಕೆ ಉತ್ತರ 1988ರಲ್ಲಿ ಬಂದಿದೆ, ರಾಡ್ನಿ ವಿದರ್ಸ್ ಮತ್ತು ಸಂಗಡಿಗರಿಂದ. ತಲೆ-ಕುತ್ತಿಗೆಯ ಕ್ಯಾನ್ಸರಿನ ಹಳೆಯ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಿಕಿತ್ಸೆ ಶುರುವಾದ ಸುಮಾರು ನಾಲ್ಕು ವಾರಗಳ ನಂತರ ಉಳಿದ ಕೋಶಗಳು ಮೊದಲಿಗಿಂತ ವೇಗವಾಗಿ ಹೆಚ್ಚತೊಡಗುತ್ತವೆ ಎಂದು ಕಂಡಿತು. ಆ ಬೆಳವಣಿಗೆಯನ್ನು ಸರಿದೂಗಿಸಲಿಕ್ಕೇ ದಿನಕ್ಕೆ 0.6 ಗ್ರೇ ಬೇಕಾಗುತ್ತಿತ್ತು. ನಮ್ಮ ಗುಣಕಗಳಿಗೆ ಇಳಿಸಿದರೆ, ಮೂರು ದಿನ ಚಿಲ್ಲರೆಗೊಮ್ಮೆ ಕೋಶಗಳು ದುಪ್ಪಟ್ಟು. ಏಳು ದಿನ ಬಿಟ್ಟರೆ ಸುಮಾರು ನಾಲ್ಕೂವರೆ ಪಟ್ಟು. ಮೂವತ್ತಮೂರು ಕಂತಿನ ಕೊನೆಗೆ 0.05 ಇರಬೇಕಾಗಿದ್ದ ಕೋಶ 0.22 ಆಗುತ್ತದೆ, 95ರ ಸಂಭವ 80ಕ್ಕೆ ಇಳಿಯುತ್ತದೆ. ಒಂದು ಕಂತನ್ನೂ ತಪ್ಪಿಸಿಲ್ಲ, ಏಳು ದಿನ ತಡವಾಗಿದೆ ಅಷ್ಟೇ. ಇದು ಕಾಗದದ ಮಾತು ಎನ್ನಬೇಡಿ. ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ ದಿನವೊಂದು ತಡವಾದರೆ ರೋಗದ ಹತೋಟಿ ಶೇಕಡಾ 1ರಿಂದ 2ರಷ್ಟು ತಗ್ಗುತ್ತದೆ ಎಂಬುದು ರೋಗಿಗಳ ದಾಖಲೆಗಳಿಂದ ಬಂದ ಅಂದಾಜು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ರೇಡಿಯಾಲಜಿಸ್ಟ್ಸ್ ಇಂಥ ವೇಗದ ಗಡ್ಡೆಗಳಿಗೆ ನಿಗದಿಗಿಂತ ಎರಡು ದಿನಕ್ಕಿಂತ ಹೆಚ್ಚು ತಡವಾಗಕೂಡದು ಎಂದು ಕಟ್ಟಪ್ಪಣೆ ಇಟ್ಟುಕೊಂಡಿದೆ.

ಇದನ್ನೇ ತಿರುಗಿಸಿ ಲಾಭ ಮಾಡಿಕೊಂಡವರೂ ಇದ್ದಾರೆ. ಡೆನ್ಮಾರ್ಕಿನವರು ಅಷ್ಟೇ ಡೋಸನ್ನು ವಾರಕ್ಕೆ ಐದರ ಬದಲು ಆರು ಕಂತಿನಂತೆ ಕೊಟ್ಟು, ಒಟ್ಟು ಅವಧಿಯನ್ನು ಒಂದು ವಾರ ಇಳಿಸಿದರು. ಐದು ವರ್ಷದ ಹತೋಟಿ ಶೇಕಡಾ 60ರಿಂದ 70ಕ್ಕೆ ಏರಿತೆಂದು 2003ರಲ್ಲಿ ವರದಿಯಾಯಿತು. ಯಂತ್ರ ಹೊಸದಲ್ಲ, ಔಷಧ ಹೊಸದಲ್ಲ, ವಾರಕ್ಕೊಂದು ಕಂತು ಹೆಚ್ಚು ಅಷ್ಟೇ. ನನಗೆ ಈ ಪ್ರಯೋಗದ ಮೇಲೆ ವಿಶೇಷ ಅಭಿಮಾನ. ರೋಗಿ ತಪ್ಪಿಸಿಕೊಂಡ ದಿನಗಳನ್ನು ನಾವು ತುಂಬಿಸುವುದೂ ಹೀಗೇ: ಶನಿವಾರ ಕರೆಸುತ್ತೇವೆ, ಇಲ್ಲವೇ ಒಂದೇ ದಿನ ಎರಡು ಕಂತು ಕೊಡುತ್ತೇವೆ. ಎರಡರ ನಡುವೆ ಕನಿಷ್ಠ ಆರು ಗಂಟೆ ಬಿಡುವು ಕಡ್ಡಾಯ. ಬೆಳಿಗ್ಗೆ ಬಂದವರನ್ನು ಸಂಜೆವರೆಗೆ ಯಾಕೆ ಕಾಯಿಸುತ್ತಾರೆ ಎಂದು ಬೈದುಕೊಳ್ಳುವವರಿಗೆ ಕಾರಣ ಎಲ್ಕೈಂಡ್ ಅವರ ತಟ್ಟೆಗಳಲ್ಲಿದೆ. ಆರೋಗ್ಯವಂತ ಕೋಶಗಳ ರಿಪೇರಿ ಮುಗಿಯಬೇಕು.

ಹಾಗಾದರೆ ಎಲ್ಲರಿಗೂ ಏಳು ವಾರವೇ? ಇಲ್ಲ. ಸ್ತನ ಕ್ಯಾನ್ಸರಿನ ಕತೆ ಬೇರೆ. ಅದರ ಆಲ್ಫಾ-ಬೀಟಾ ಅನುಪಾತ 10 ಅಲ್ಲ, 4ರ ಆಸುಪಾಸು, ಅಂದರೆ ಪಕ್ಕದ ಆರೋಗ್ಯವಂತ ಅಂಗಾಂಶದ ಹತ್ತಿರವೇ. ಇಬ್ಬರ ಗೆರೆಯೂ ಒಂದೇ ಬಗೆಯಲ್ಲಿ ಬಾಗಿದ್ದರೆ ಸಣ್ಣ ಕಂತು ಮಾಡಿ ಗಳಿಸುವುದೇನೂ ಇಲ್ಲ. ಬ್ರಿಟನ್ನಿನ ಸ್ಟಾರ್ಟ್-ಬಿ ಪ್ರಯೋಗ 25 ಕಂತಿನ 50 ಗ್ರೇಗೆ 15 ಕಂತಿನ 40 ಗ್ರೇಯನ್ನು ಹೋಲಿಸಿ, ಚಿಕ್ಕದು ಯಾವುದರಲ್ಲೂ ಹಿಂದೆ ಬೀಳಲಿಲ್ಲವೆಂದು ತೋರಿಸಿತು. ಆಮೇಲೆ ಬಂದದ್ದು ಫಾಸ್ಟ್-ಫಾರ್ವರ್ಡ್ ಎಂಬ ಪ್ರಯೋಗ, ಫಲಿತಾಂಶ 2020ರಲ್ಲಿ, 4,000ಕ್ಕೂ ಹೆಚ್ಚು ಮಂದಿ, ಮೂರು ಗುಂಪು. 40 ಗ್ರೇ 15 ಕಂತಿನಲ್ಲಿ, 27 ಗ್ರೇ 5 ಕಂತಿನಲ್ಲಿ, 26 ಗ್ರೇ 5 ಕಂತಿನಲ್ಲಿ. ಐದು ವರ್ಷದಲ್ಲಿ ರೋಗ ಅಲ್ಲೇ ಮರುಕಳಿಸಿದ್ದು ಕ್ರಮವಾಗಿ ಶೇಕಡಾ 2.1, 1.7, 1.4. ಮೂರೂ ಒಂದೇ ಅನ್ನಬಹುದು. ಐದು ವಾರದ ಚಿಕಿತ್ಸೆ ಒಂದು ವಾರಕ್ಕೆ ಬಂತು. ರಾಯಚೂರಿನಿಂದ ಬೆಂಗಳೂರಿಗೆ ಬರುವವರಿಗೆ ಇದು ಎಷ್ಟು ದೊಡ್ಡ ವ್ಯತ್ಯಾಸ ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಈ ಪ್ರಯೋಗದಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು ಅಂಶ. ಬೇರೆ ಬೇರೆ ಕಂತುಗಳನ್ನು ಹೋಲಿಸಲು ನಾವು ಜೈವಿಕ ಪರಿಣಾಮದ ಡೋಸ್ ಎಂಬುದೊಂದನ್ನು ಬಳಸುತ್ತೇವೆ: ಒಂದು ಕಂತಿನ ಡೋಸನ್ನು ಆಲ್ಫಾ-ಬೀಟಾ ಅನುಪಾತದಿಂದ ಭಾಗಿಸಿ, ಒಂದು ಕೂಡಿಸಿ, ಒಟ್ಟು ಡೋಸಿನಿಂದ ಗುಣಿಸಿ. ಆರೋಗ್ಯವಂತ ಅಂಗಾಂಶಕ್ಕೆ ಪುಸ್ತಕದ 3 ಹಾಕಿದರೆ 15 ಕಂತಿನ 40 ಗ್ರೇಗೂ 5 ಕಂತಿನ 27 ಗ್ರೇಗೂ ಉತ್ತರ ಒಂದೇ, 75.6. ಅಂದರೆ ಅಡ್ಡಪರಿಣಾಮ ಸಮ ಇರಬೇಕಿತ್ತು. ಆದರೆ 27ರ ಗುಂಪಿನಲ್ಲಿ ಸ್ತನದ ಊತ, ಗಟ್ಟಿಯಾಗುವುದು ಮುಂತಾದವು ಹೆಚ್ಚು ಕಂಡವು. 40ಕ್ಕೆ ಹೊಂದಿಕೊಂಡದ್ದು 26. ಅದನ್ನೇ ಸಮ ಎಂದಿಟ್ಟು ಹಿಮ್ಮುಖವಾಗಿ ಲೆಕ್ಕ ಹಾಕಿದರೆ ಅನುಪಾತ 3 ಅಲ್ಲ, 2ರ ಹತ್ತಿರ ಬರುತ್ತದೆ. ಐದು ದಿನಕ್ಕೆ ಹಂಚಿದ ಒಂದೇ ಒಂದು ಗ್ರೇ, ದಿನಕ್ಕೆ 0.2, ವ್ಯತ್ಯಾಸ ತೋರಿಸಿತು. ದೊಡ್ಡ ಕಂತುಗಳಲ್ಲಿ ಬೀಟಾ ಎಷ್ಟು ಜೋರಾಗಿ ದುಡಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮಾದರಿ ದಾರಿ ತೋರಿಸಿತು, ಎರಡು ಡೋಸುಗಳ ನಡುವೆ ಆರಿಸಿಕೊಟ್ಟದ್ದು ನಾಲ್ಕು ಸಾವಿರ ಜನರ ದೇಹ.

ಸೂತ್ರದ ಅಂಚುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಂತಿಗೆ ಸುಮಾರು 10 ಗ್ರೇ ದಾಟಿದ ಮೇಲೆ ಗೆರೆ ನಿಜದಲ್ಲಿ ನೇರವಾಗುತ್ತ ಹೋಗುತ್ತದೆ, ಸೂತ್ರ ಮಾತ್ರ ಬಾಗುತ್ತಲೇ ಇರುತ್ತದೆ. ಮಿದುಳು, ಶ್ವಾಸಕೋಶಗಳಿಗೆ ಕೊಡುವ ಏಕಗುರಿಯ ಭಾರಿ ಡೋಸಿನಲ್ಲಿ ಇದನ್ನು ಹೇಗೆ ಬಳಸಬೇಕು ಎಂಬ ಜಗಳ ಇನ್ನೂ ನಡೆದಿದೆ. ಅರ್ಧ ಗ್ರೇಗಿಂತ ಕಡಿಮೆಯಲ್ಲಿ ಕೆಲವು ಕೋಶಗಳು ಸೂತ್ರ ಹೇಳಿದ್ದಕ್ಕಿಂತ ಹೆಚ್ಚು ಸಾಯುತ್ತವೆ. ಆಮ್ಲಜನಕ ಸಿಗದ ಗಡ್ಡೆಯ ಒಳಭಾಗಕ್ಕೆ ಅಷ್ಟೇ ಪರಿಣಾಮ ಬೇಕಾದರೆ ಮೂರು ಪಟ್ಟಿನವರೆಗೂ ಡೋಸ್ ಬೇಕಾದೀತು.

ಕೊನೆಯ ಪ್ರಶ್ನೆ ಒಬ್ಬ ಕಾಲೇಜು ವಿದ್ಯಾರ್ಥಿನಿಯದು: "ಪ್ರತಿ ರೋಗಿಯ ಗಡ್ಡೆಯಿಂದಲೇ ಆಲ್ಫಾ, ಬೀಟಾ ಅಳೆದು ಕೊಡಬಹುದಲ್ವಾ ಸಾರ್?" ಪ್ರಯತ್ನ ನಡೆದಿದೆ. 1990ರ ದಶಕದಲ್ಲಿ ಮ್ಯಾಂಚೆಸ್ಟರಿನಲ್ಲಿ ಕ್ಯಾಥರೀನ್ ವೆಸ್ಟ್ ಮತ್ತು ಸಂಗಡಿಗರು ಗರ್ಭಕೊರಳಿನ ಕ್ಯಾನ್ಸರಿನ ತುಣುಕುಗಳಿಂದ ಕೋಶ ಬೆಳೆಸಿ, 2 ಗ್ರೇ ನಂತರ ಎಷ್ಟು ಉಳಿಯುತ್ತವೆ ಎಂದು ಎಣಿಸಿದರು. ಹೆಚ್ಚು ಕೋಶ ಉಳಿದ ರೋಗಿಗಳಿಗೆ ಚಿಕಿತ್ಸೆ ಕಡಿಮೆ ಫಲಿಸಿತ್ತು, ಹೊಂದಾಣಿಕೆ ಚೆನ್ನಾಗಿಯೇ ಇತ್ತು. ತೊಡಕು ಏನೆಂದರೆ ಎಲ್ಲರ ಕೋಶವೂ ತಟ್ಟೆಯಲ್ಲಿ ಬೆಳೆಯುವುದಿಲ್ಲ, ಬೆಳೆದರೂ ಕಾಲೊನಿ ಎಣಿಸುವಷ್ಟರಲ್ಲಿ ವಾರಗಳು ಕಳೆದು ಚಿಕಿತ್ಸೆ ಅರ್ಧ ದಾಟಿರುತ್ತದೆ. ಈಗ ವಂಶವಾಹಿಗಳ ಚಟುವಟಿಕೆ ಅಳೆದು ಅದರಿಂದ ಆಲ್ಫಾ ಅಂದಾಜು ಮಾಡುವ ದಾರಿ ಹುಡುಕುತ್ತಿದ್ದಾರೆ. ಅಲ್ಲಿಯವರೆಗೆ ನಾನು ಕಂಪ್ಯೂಟರಿನಲ್ಲಿ ಗಡ್ಡೆಗೆ 10, ಬೆನ್ನುಹುರಿಗೆ 2, ಉಳಿದ ಅಂಗಾಂಶಕ್ಕೆ 3 ಎಂದು ತುಂಬುತ್ತೇನೆ.